ಒಂದು ವ್ಯವಸ್ಥೆಯ ಆಟ, ಇನ್ನೊಂದರ ಅಂಗಳದಲ್ಲಿ

ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ರಚಿತವಾದ ಆಟವೊಂದನ್ನು ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಆಡಬಹುದೆ? ಈ ಪ್ರಶ್ನೆಯನ್ನು ನಮ್ಮ ಕಡೆಯ ವಿದ್ಯಾರ್ಥಿಗಳು ಇತ್ತೀಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ನಾವಿರುವ ಕೆಲಗೇರಿ, ಗೋವೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಕೆರೆಯೊಂದನ್ನು ಇಟ್ಟುಕೊಂಡು, ಈಗ ಧಾರವಾಡ ನಗರದಲ್ಲಿ ಸೇರಿಹೋಗಿರುವ ಊರು. ಇಲ್ಲಿ ಕೊಠಡಿ ಹಿಡಿದು ಕಾಲೇಜುಗಳಿಗೆ ಹೋಗುವ ತರುಣರ ಬಳಿ ಇರುವ ಯಂತ್ರಗಳು ಬಹುಮಟ್ಟಿಗೆ ಅಣ್ಣನಿಂದಲೋ ಸೋದರಮಾವನಿಂದಲೋ ಇಳಿದು ಬಂದವು. 2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಸುಮಾರಾಗಿ 2017ರಿಂದ ಈಚಿನ ಪ್ರೊಸೆಸರನ್ನೂ ಬಯಸುತ್ತದೆ. ಹೀಗಾಗಿ ಇನ್ನೂ ಹಲವು ವರ್ಷ ದುಡಿಯಬಲ್ಲ ಎಷ್ಟೋ ಯಂತ್ರಗಳು ಒಂದೇ ದಿನದಲ್ಲಿ ಮುದಿಯಾದವು. ಅವುಗಳಿಗೆ ಲಿನಕ್ಸನ್ನು ತುಂಬಿದರೆ ಓದು ಬರಹದ ಕೆಲಸವೆಲ್ಲ ಸಾಗುತ್ತದೆಂಬುದನ್ನು ಹುಡುಗರು ಬಲ್ಲರು. ಅವರನ್ನು ಹಿಂದೆ ಎಳೆಯುವುದು ಒಂದೇ ಮಾತು: ನಮ್ಮ ಆಟಗಳ ಗತಿಯೇನು?

ಹಿರಿಯರಿಗೆ ಇದು ಹಗುರವಾದ ಪ್ರಶ್ನೆಯೆಂದು ತೋರಬಹುದು. ಪರೀಕ್ಷೆಗೆ ಓದಬೇಕಾದವರು ಆಟದ ಚಿಂತೆಯನ್ನೇಕೆ ಹಚ್ಚಿಕೊಳ್ಳಬೇಕೆಂದು ಅವರು ಗದರಿಸಿಯಾರು. ಹಣ ಒಡ್ಡಿ ಆಡುವ ಆಟಗಳ ಮಾತು ಇಲ್ಲಿಲ್ಲ. ಜಾಲದಲ್ಲಿ ನಡೆಯುವ ಅಂಥವನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿತು, ಅವುಗಳ ಗೊಡವೆ ನಮಗೆ ಬೇಡ. ಕಥೆಯ ಆಟ, ಓಟದ ಆಟ, ಊರು ಕಟ್ಟುವ ಆಟ, ಒಗಟಿನ ಆಟ ಇವುಗಳನ್ನು ಕುರಿತು ನಾವು ಹೇಳುತ್ತಿದ್ದೇವೆ. ಇವನ್ನು ಎಷ್ಟು ಹೊತ್ತು ಆಡಬೇಕೆಂಬುದು ಮನೆಯವರು ತೀರ್ಮಾನಿಸತಕ್ಕ ವಿಷಯ. ಯಾವ ಯಂತ್ರದಲ್ಲಿ ಆಡಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಯಾರದು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದು ಹಗುರವಾದುದಲ್ಲ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಹಣ ತೆತ್ತು ಪಡೆದ ತಂತ್ರಾಂಶವನ್ನು ಅದು ಹುಟ್ಟಿದ ವ್ಯವಸ್ಥೆಯಿಂದ ಬಿಡಿಸಿ ಬೇರೊಂದರಲ್ಲಿ ನಡೆಸುವುದು ನ್ಯಾಯವಾದ ಕೆಲಸ. ಆ ವಿದ್ಯೆಯನ್ನು ನಮ್ಮ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯಬೇಕು. ಆಟದಿಂದ ಆರಂಭವಾಗುವ ಈ ಕಲಿಕೆ ಕನ್ನಡದ ಬರಹಗಳನ್ನು ಉಳಿಸಿಕೊಳ್ಳುವ ಕೆಲಸದವರೆಗೂ ಹೋಗಿ ಮುಟ್ಟುತ್ತದೆಂಬುದನ್ನು ಮುಂದೆ ತೋರಿಸುತ್ತೇವೆ.

ಆಟವೆಂದರೇನೆಂಬುದನ್ನು ಮೊದಲು ವಿಚಾರಿಸೋಣ. ನಮ್ಮ ಹಳ್ಳಿಗಳ ಗುಡಿಕಟ್ಟೆಯ ಚಪ್ಪಡಿಗಳ ಮೇಲೆ ಚೌಕಾಬಾರದ ಮನೆಗಳನ್ನೂ ಹುಲಿ-ಕುರಿ ಆಟದ ಗೆರೆಗಳನ್ನೂ ಕೊರೆದಿರುವುದನ್ನು ವಾಚಕರು ಕಂಡಿರಬಹುದು. ಅದೇ ಚೌಕಾಬಾರವನ್ನು ಪಡಸಾಲೆಯ ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಆಡುತ್ತಾರೆ. ಕವಡೆ ಸಿಗದಿದ್ದರೆ ಹುಣಿಸೆಬೀಜದ ಒಂದು ಮಗ್ಗುಲನ್ನು ತೇಯ್ದು ಬೆಳ್ಳಗೆ ಮಾಡಿ ಎಸೆಯುತ್ತಾರೆ. ಕಾಯಿಗಳಿಗೆ ಬಳೆಚೂರು ಸಾಕು. ಕಲ್ಲು ಹೋಗಿ ಸುಣ್ಣ ಬಂದಿತೆಂದು ಆಟ ಬೇರೆಯಾಗಲಿಲ್ಲ, ಕವಡೆ ಹೋಗಿ ಬೀಜ ಬಂದಿತೆಂದು ಸೋಲು ಗೆಲುವು ಬದಲಾಗಲಿಲ್ಲ. ಆಟವಿರುವುದು ನಿಯಮಗಳಲ್ಲಿ. ಎಸೆದಾಗ ಒಂದು ಸಂಖ್ಯೆ ದೊರೆಯಬೇಕು, ಕಾಯಿ ಇಟ್ಟ ಮನೆಯಲ್ಲಿ ಇಟ್ಟಂತೆ ಇರಬೇಕು. ಇಷ್ಟು ಸೇವೆಯನ್ನು ಯಾರು ಒದಗಿಸಿದರೂ ಆಟ ನಡೆಯುತ್ತದೆ.

ಗಣಕದ ಆಟವೂ ಇದಕ್ಕಿಂತ ತೀರ ಭಿನ್ನವಲ್ಲ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಉಳ್ಳ ಯಂತ್ರದಲ್ಲಿ ವಿಂಡೋಸ್ ಇದ್ದರೂ ಲಿನಕ್ಸ್ ಇದ್ದರೂ ಪ್ರೊಸೆಸರ್ ಅರಿಯುವ ಆದೇಶಗಳು ಒಂದೇ. ಕೂಡು, ಕಳೆ, ಹೋಲಿಸಿ ನೋಡು, ಸ್ಮೃತಿಯ ಈ ಸ್ಥಳದಿಂದ ಆ ಸ್ಥಳಕ್ಕೆ ಸಾಗಿಸು ಎಂಬ ಆಜ್ಞೆಗಳನ್ನು ಅದು ಯಾರ ಮನೆಯಲ್ಲಿದ್ದರೂ ಒಂದೇ ರೀತಿಯಾಗಿ ನೆರವೇರಿಸುತ್ತದೆ. ಹಾಗಾದರೆ ಭೇದವಿರುವುದು ಎಲ್ಲಿ? ಒಂದು, ತಂತ್ರಾಂಶವನ್ನು ಕಡತವಾಗಿ ಕಟ್ಟಿಡುವ ಬಗೆಯಲ್ಲಿ. ವಿಂಡೋಸಿನ ಓಡಬಲ್ಲ ಕಡತಗಳು ಎಂ ಮತ್ತು ಝಡ್ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತವೆ. ಡಾಸ್ ಕಾಲದಲ್ಲಿ ಈ ಮಾದರಿಯನ್ನು ರೂಪಿಸಿದ ಮಾರ್ಕ್ ಝ್ಬಿಕೌಸ್ಕಿ ಎಂಬ ಎಂಜಿನಿಯರರ ಹೆಸರಿನ ಮೊದಲಕ್ಷರಗಳವು. ಲಿನಕ್ಸಿನ ಕಟ್ಟು ಬೇರೆ, ಅದಕ್ಕೆ ಎಲ್ಫ್ ಎಂದು ಹೆಸರು. ಈ ಭೇದ ಅಲ್ಪವಾದುದು. ಮುಖ್ಯವಾದ ಭೇದವು, ತಂತ್ರಾಂಶವು ವ್ಯವಸ್ಥೆಯಿಂದ ಬೇಡುವ ಸೇವೆಗಳ ಹೆಸರಿನಲ್ಲಿಯೂ ರೀತಿಯಲ್ಲಿಯೂ ಇದೆ. ಆಟವು ತಾನಾಗಿ ಡಿಸ್ಕನ್ನು ಮುಟ್ಟುವುದಿಲ್ಲ, ತಾನಾಗಿ ಪರದೆಯ ಮೇಲೆ ಚುಕ್ಕೆ ಇಡುವುದಿಲ್ಲ. ಈ ಕಡತವನ್ನು ತೆರೆದುಕೊಡು, ಈ ಚಿತ್ರವನ್ನು ಬರೆ, ಈ ಸದ್ದನ್ನು ಹೊರಡಿಸು, ಯಾವ ಕೀಲಿ ಒತ್ತಿದರೆಂಬುದನ್ನು ತಿಳಿಸು ಎಂದು ವ್ಯವಸ್ಥೆಯನ್ನು ಕೇಳಿಕೊಳ್ಳುತ್ತದೆ. ವಿಂಡೋಸಿನಲ್ಲಿ ಇಂಥ ಬೇಡಿಕೆಗಳು ಸಾವಿರಾರು. ಅವುಗಳ ಹೆಸರೇ ಲಿನಕ್ಸಿಗೆ ಗೊತ್ತಿಲ್ಲ. ಆಟ ಓಡದಿರುವುದಕ್ಕೆ ಇದೇ ಕಾರಣ.

ಹುಬ್ಬಳ್ಳಿ-ಧಾರವಾಡದವರಿಗೆ ರೈಲಿನ ಉಪಮೆ ಬೇಗ ಮನಸ್ಸಿಗೆ ಹತ್ತೀತು. 1990ರ ದಶಕದವರೆಗೆ ನಮ್ಮ ಹಳಿ ಮೀಟರ್ ಗೇಜಿನದಾಗಿತ್ತು, ಎರಡು ಕಂಬಿಗಳ ನಡುವೆ 1000 ಮಿಲಿಮೀಟರ್. ಮುಂಬಯಿ ಕಡೆಯ ಬ್ರಾಡ್ ಗೇಜಿಗೆ 1676 ಮಿಲಿಮೀಟರ್. ಮುಂಬಯಿಗೆ ಹೊರಟವರು ಮೀರಜಿನಲ್ಲಿ ಇಳಿದು, ಹಾಸಿಗೆ ಪೆಟ್ಟಿಗೆಗಳನ್ನು ಹೊತ್ತು ಗಾಡಿ ಬದಲಿಸುತ್ತಿದ್ದುದನ್ನು ಮನೆಯ ಹಿರಿಯರು ಇನ್ನೂ ವರ್ಣಿಸುತ್ತಾರೆ. ಹಳಿಯ ಅಗಲವು ನಿಸರ್ಗದ ನಿಯಮವಲ್ಲ, ಮನುಷ್ಯರು ಮಾಡಿಕೊಂಡ ಗೊತ್ತುಪಾಡು. ಆದರೂ ಅದು ಜನರನ್ನೂ ಸಾಮಾನನ್ನೂ ತಡೆದು ನಿಲ್ಲಿಸಿತು. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನು ಇಟ್ಟು, ಆಡಬೇಕೆನಿಸಿದಾಗಲೆಲ್ಲ ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸುವುದು ಮೀರಜಿನಲ್ಲಿ ಗಾಡಿ ಬದಲಿಸಿದಂತೆ. ಯಂತ್ರದೊಳಗೆ ಇನ್ನೊಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ ಅದರಲ್ಲಿ ವಿಂಡೋಸನ್ನು ಕೂರಿಸುವುದೂ ಉಂಟು. ಇದು ಮೀಟರ್ ಗೇಜಿನ ಇಡೀ ರೈಲ್ವೆಯನ್ನು ಬ್ರಾಡ್ ಗೇಜಿನ ವ್ಯಾಗನ್ನುಗಳ ಮೇಲೆ ಹೇರಿಕೊಂಡು ಹೋದಂತೆ, ಸಾಗುತ್ತದೆ, ಆದರೆ ಭಾರ ಬಹಳ. ಮೂರನೆಯ ದಾರಿಯೊಂದಿದೆ. ಡಬ್ಬಿಯನ್ನೂ ಒಳಗಿನ ಸಾಮಾನನ್ನೂ ಹಾಗೆಯೇ ಇರಗೊಟ್ಟು, ಕೆಳಗಿನ ಗಾಲಿಗಳ ಜೋಡಣೆಯನ್ನು ಮಾತ್ರ ಬದಲಿಸುವುದು. ಹಳಿಯ ಅಗಲ ಬದಲಾಗುವ ಕೆಲವು ದೇಶಗಳ ಗಡಿಗಳಲ್ಲಿ ಇಂದಿಗೂ ಹೀಗೆ ಮಾಡುತ್ತಾರೆ. ಗಣಕದಲ್ಲಿ ಈ ಕೆಲಸವನ್ನು ಮಾಡುವ ತಂತ್ರಾಂಶದ ಹೆಸರು ವೈನ್.

ಈ ವೈನ್ ದ್ರಾಕ್ಷಾರಸವಲ್ಲ. 'ವೈನ್ ಎಮ್ಯುಲೇಟರ್ ಅಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ವಿನೋದದ ಹೆಸರು. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಎಂಬವರು ಇದನ್ನು ಆರಂಭಿಸಿದರು. ಮರುವರ್ಷ ಅಲೆಕ್ಸಾಂಡರ್ ಜುಲಿಯಾರ್ ಅದರ ಹೊಣೆಯನ್ನು ಹೊತ್ತರು. ಮೊದಲನೆಯ ಪಕ್ವ ಆವೃತ್ತಿ ಹೊರಬಿದ್ದುದು 2008ರ ಜೂನಿನಲ್ಲಿ, ಹದಿನೈದು ವರ್ಷಗಳ ಮೇಲೆ. ಇಷ್ಟು ಕಾಲ ಏಕೆ ಹಿಡಿಯಿತೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ವಿಂಡೋಸಿನ ಮೂಲ ಬರಹ ಮೈಕ್ರೊಸಾಫ್ಟಿನ ಸ್ವತ್ತು, ಅದನ್ನು ನೋಡುವಂತಿಲ್ಲ. ಬೇಡಿಕೆ ಒಳಗೆ ಹೋಗುವುದು ಕಾಣುತ್ತದೆ, ಉತ್ತರ ಹೊರಬರುವುದು ಕಾಣುತ್ತದೆ, ನಡುವೆ ನಡೆದುದು ಕಾಣುವುದಿಲ್ಲ. ಪ್ರಕಟವಾದ ವಿವರಣೆಗಳನ್ನು ಓದಿ, ಊಹೆ ಮಾಡಿ, ಸಣ್ಣ ಪರೀಕ್ಷೆಯೊಂದನ್ನು ಬರೆದು ಅದನ್ನು ನಿಜವಾದ ವಿಂಡೋಸಿನಲ್ಲಿ ಓಡಿಸಿ, ಬಂದ ಉತ್ತರದೊಡನೆ ತಮ್ಮ ರಚನೆಯ ಉತ್ತರವನ್ನು ಹೋಲಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಪರಮಾಣುವಿನ ಒಳಗನ್ನು ಕಣ್ಣಿನಿಂದ ಕಾಣದೆ ಅದರ ರಚನೆಯನ್ನು ತಿಳಿದುಕೊಂಡವರ ವಿಧಾನಕ್ಕೂ ಇದಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲವೆಂದು ನಮ್ಮ ಮತ. ಒಂದು ವಿಶೇಷ ಮಾತ್ರ ಉಂಟು: ನಿಸರ್ಗದಲ್ಲಿ ದೋಷಗಳಿರುವುದಿಲ್ಲ, ವಿಂಡೋಸಿನಲ್ಲಿ ಇರುತ್ತವೆ, ಆಟಗಳು ಆ ದೋಷಗಳನ್ನು ನಂಬಿಕೊಂಡು ರಚಿತವಾಗಿದ್ದರೆ ಅವನ್ನೂ ಹಾಗೆಯೇ ಅನುಕರಿಸಬೇಕಾಗುತ್ತದೆ.

ಅಲ್ಪವೆಂದು ತೋರುವ ಸಂಗತಿಗಳು ಎಷ್ಟು ತೊಡಕಾಗುತ್ತವೆಂಬುದಕ್ಕೆ ಒಂದು ನಿದರ್ಶನ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂದು ಎರಡು ಬಗೆ. ಒಂದೇ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ವಿಂಡೋಸ್ ಅದನ್ನು ಒಂದೇ ಕಡತವೆಂದು ಎಣಿಸುತ್ತದೆ. ಲಿನಕ್ಸಿಗೆ ಅವು ಎರಡು ಬೇರೆ ಕಡತಗಳು. ಆಟ ಬರೆದವನು ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಬರೆದಿದ್ದರೆ ವಿಂಡೋಸಿನಲ್ಲಿ ಯಾರಿಗೂ ತಿಳಿಯದು. ಲಿನಕ್ಸಿಗೆ ಬಂದೊಡನೆ ಕಡತ ಸಿಗುವುದಿಲ್ಲ. ವೈನ್ ಇಂಥ ಪ್ರತಿಯೊಂದು ಹೆಸರನ್ನೂ ಹುಡುಕಿ ಹೊಂದಿಸಿಕೊಡಬೇಕು. ಅಕ್ಷರಗಳಲ್ಲಿ ಈ ದೊಡ್ಡಸ್ತಿಕೆಯನ್ನು ಇಟ್ಟುಕೊಳ್ಳದ ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಇನ್ನೊಂದು ಸೋಜಿಗವನ್ನೂ ಇಲ್ಲಿಯೇ ಹೇಳಬಹುದು. 1990ರ ದಶಕದ ಆರಂಭದಲ್ಲಿ ವಿಂಡೋಸ್ 3.1ಕ್ಕಾಗಿ ಬರೆದ 16 ಬಿಟ್ಟಿನ ಆಟಗಳು ಇಂದಿನ 64 ಬಿಟ್ಟಿನ ವಿಂಡೋಸಿನಲ್ಲಿ ಓಡುವುದಿಲ್ಲ. ಮೈಕ್ರೊಸಾಫ್ಟ್ ಆ ಸೌಕರ್ಯವನ್ನು ತೆಗೆದುಹಾಕಿದೆ. ಅವುಗಳಲ್ಲಿ ಎಷ್ಟೋ ಆಟಗಳು 64 ಬಿಟ್ಟಿನ ಲಿನಕ್ಸಿನಲ್ಲಿ ವೈನಿನ ನೆರವಿನಿಂದ ಇಂದಿಗೂ ಓಡುತ್ತವೆ. ಹೆತ್ತ ಮನೆಯವರು ಹೊರಗಟ್ಟಿದವನಿಗೆ ನೆರೆಮನೆಯಲ್ಲಿ ಎಲೆ ಹಾಕಿದಂತಾಯಿತು.

ಆಟಗಳ ವಿಷಯದಲ್ಲಿ ಅತ್ಯಂತ ಕಠಿಣವಾದುದು ಚಿತ್ರ ಬರೆಯುವ ಕೆಲಸ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಒಂದು ಚಿತ್ರಕ್ಕೆ ದೊರೆಯುವ ವೇಳೆ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಆಟವು ಲೆಕ್ಕ ಮಾಡಬೇಕು, ಗ್ರಾಫಿಕ್ಸ್ ಕಾರ್ಡು ಬರೆಯಬೇಕು, ಇವೆರಡರ ನಡುವಿನ ಅನುವಾದವೂ ಮುಗಿದಿರಬೇಕು. ವಿಂಡೋಸಿನ ಆಟಗಳು ಸಾಮಾನ್ಯವಾಗಿ ಡೈರೆಕ್ಟ್‌3ಡಿ ಎಂಬ ಮೈಕ್ರೊಸಾಫ್ಟಿನ ಚಿತ್ರಭಾಷೆಯಲ್ಲಿ ಮಾತನಾಡುತ್ತವೆ. 2016ರಲ್ಲಿ ವಲ್ಕನ್ ಎಂಬ, ಎಲ್ಲ ವ್ಯವಸ್ಥೆಗಳಿಗೂ ತೆರೆದ ಚಿತ್ರಭಾಷೆಯೊಂದು ಪ್ರಕಟವಾಯಿತು. ಅದಾದ ಎರಡು ವರ್ಷಗಳ ಒಳಗೆ ಫಿಲಿಪ್ ರೆಬೋಲೆ ಎಂಬ ತರುಣ ಡೈರೆಕ್ಟ್‌3ಡಿಯನ್ನು ವಲ್ಕನ್ನಿಗೆ ಅನುವಾದಿಸುವ ಡಿಎಕ್ಸ್‌ವಿಕೆ ಎಂಬ ತಂತ್ರಾಂಶವನ್ನು ಬರೆದ. ಯಾವುದೋ ಸಂಸ್ಥೆಯ ಆದೇಶದಂತೆ ಬರೆದುದಲ್ಲ. 'ನಿಯರ್: ಆಟೊಮಾಟಾ' ಎಂಬ ಆಟವನ್ನು ತನ್ನ ಲಿನಕ್ಸ್ ಯಂತ್ರದಲ್ಲಿ ಆಡಬೇಕೆಂಬ ಆಸೆಯಿಂದ ಬರೆದುದು. ಆಟದ ಆಸೆಯನ್ನು ಕೀಳಾಗಿ ಕಾಣುವವರು ಈ ಸಂಗತಿಯನ್ನು ನೆನಪಿನಲ್ಲಿಡಲಿ.

ಹಣದ ದೃಷ್ಟಿಯಿಂದ ನೋಡಿದರೆ ಈ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಆಟಗಳನ್ನು ಲಿನಕ್ಸಿಗೆಂದೇ ಹೊಸದಾಗಿ ಅಳವಡಿಸಿ ಮಾರಲು 1998ರಲ್ಲಿ ಲೋಕಿ ಎಂಬ ಅಮೆರಿಕದ ಸಂಸ್ಥೆ ಹುಟ್ಟಿತು. 2002ರ ಆರಂಭದಲ್ಲಿ ಬಾಗಿಲು ಮುಚ್ಚಿತು. 2013ರಲ್ಲಿ ವಾಲ್ವ್ ಎಂಬ ಸಂಸ್ಥೆಯು ಸ್ಟೀಮ್ ಎಂಬ ತನ್ನ ಆಟದ ಅಂಗಡಿಯನ್ನು ಲಿನಕ್ಸಿಗೂ ತೆರೆಯಿತು, 2015ರಲ್ಲಿ ಲಿನಕ್ಸ್ ಆಧಾರದ ಆಟದ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತರಿಸಿತು. ಕೊಳ್ಳುವವರು ಬರಲಿಲ್ಲ, ಏಕೆಂದರೆ ಆಟಗಳಿರಲಿಲ್ಲ. ಆಟ ಮಾಡುವವರು ಬರಲಿಲ್ಲ, ಏಕೆಂದರೆ ಕೊಳ್ಳುವವರಿರಲಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತಾಯಿತು. ಈ ಗಂಟನ್ನು ಬಿಡಿಸಿದುದು ಅನುವಾದದ ಪದರವೇ. ವಾಲ್ವ್ 2018ರ ಆಗಸ್ಟಿನಲ್ಲಿ ವೈನ್, ಡಿಎಕ್ಸ್‌ವಿಕೆ ಮುಂತಾದವನ್ನು ಕೂಡಿಸಿ ಪ್ರೋಟಾನ್ ಎಂಬ ಹೆಸರಿನಲ್ಲಿ ತನ್ನ ಅಂಗಡಿಗೆ ಜೋಡಿಸಿತು. 2022ರ ಫೆಬ್ರುವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ಅದರ ಬಲದಿಂದಲೇ ಹೊರತಂದಿತು. ಆ ವರ್ಷ ಬಂದ 'ಎಲ್ಡನ್ ರಿಂಗ್' ಎಂಬ ಆಟ ವಿಂಡೋಸಿನಲ್ಲಿ ಅಲ್ಲಲ್ಲಿ ಮುಗ್ಗರಿಸುತ್ತಿದ್ದಾಗ, ಅನುವಾದದ ಮೂಲಕ ಓಡುವ ಡೆಕ್ಕಿನಲ್ಲಿ ಆ ಮುಗ್ಗರಿಕೆ ಕಡಿಮೆಯಾಗಿದ್ದುದನ್ನು ಪರೀಕ್ಷಕರು ಕಂಡರು. ಸ್ಟೀಮ್ ಬಳಸುವವರಲ್ಲಿ ಲಿನಕ್ಸಿನವರ ಪಾಲು 2025ರ ಅಕ್ಟೋಬರಿನ ಗಣತಿಯಲ್ಲಿ ಮೊದಲ ಸಲ ನೂರಕ್ಕೆ ಮೂರನ್ನು ದಾಟಿತು. ಮೂರು ಸಣ್ಣ ಸಂಖ್ಯೆಯೇ ಸರಿ. ಆದರೆ ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತವರಿಗೆ ಅದು ಸಣ್ಣದಲ್ಲ.

ಪ್ರೊಸೆಸರೇ ಬೇರೆಯಾದಲ್ಲಿ ಮಾತು ಬೇರೆ. ನಮ್ಮ ಮೊಬೈಲುಗಳಲ್ಲಿಯೂ 2020ರಿಂದ ಈಚಿನ ಆಪಲ್ ಗಣಕಗಳಲ್ಲಿಯೂ ಇರುವುದು ಆರ್ಮ್ ಜಾತಿಯ ಪ್ರೊಸೆಸರು. ಅದಕ್ಕೆ ಇಂಟೆಲಿನ ಆದೇಶಗಳು ತಿಳಿಯವು. ಅಲ್ಲಿ ಸೇವೆಗಳ ಅನುವಾದ ಸಾಲದು, ಪ್ರತಿಯೊಂದು ಆದೇಶವನ್ನೂ ಅನುವಾದಿಸಬೇಕು. ಇಂಥ ಸೇತುವೆಗಳನ್ನು ದೊಡ್ಡ ಸಂಸ್ಥೆಗಳೇ ಕಟ್ಟುವುದುಂಟು, ಮತ್ತು ತಮ್ಮ ಕೆಲಸ ತೀರಿದ ಮೇಲೆ ಕೆಡವುವುದೂ ಉಂಟು. ಹಳೆಯ ಪವರ್‌ಪಿಸಿ ತಂತ್ರಾಂಶಗಳನ್ನು ಇಂಟೆಲ್ ಯಂತ್ರದಲ್ಲಿ ಓಡಿಸುತ್ತಿದ್ದ ರೊಸೆಟ್ಟಾ ಎಂಬ ಸೇತುವೆಯನ್ನು ಆಪಲ್ 2011ರಲ್ಲಿ ತೆಗೆಯಿತು. 2019ರಲ್ಲಿ 32 ಬಿಟ್ಟಿನ ತಂತ್ರಾಂಶಗಳೆಲ್ಲವನ್ನೂ ಕೈಬಿಟ್ಟಿತು, ಅವುಗಳೊಡನೆ ಜನರು ಹಣ ತೆತ್ತು ಕೊಂಡ ಎಷ್ಟೋ ಆಟಗಳೂ ಹೋದವು. ಆಂಡ್ರಾಯ್ಡ್ ಮೊಬೈಲಿನ ಆಟಗಳನ್ನು ವಿಂಡೋಸ್ 11ರಲ್ಲಿ ಆಡಿಸುವ ಸೌಕರ್ಯವನ್ನು ಮೈಕ್ರೊಸಾಫ್ಟ್ 2021ರಲ್ಲಿ ಸಂಭ್ರಮದಿಂದ ಸಾರಿತು. 2025ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿತು. ಸಾರ್ವಜನಿಕರು ಕಟ್ಟಿದ, ಮೂಲ ಬರಹ ಎಲ್ಲರಿಗೂ ತೆರೆದಿರುವ ವೈನಿನಂಥ ಸೇತುವೆಯನ್ನು ಹೀಗೆ ಒಬ್ಬರ ಇಚ್ಛೆಯಿಂದ ಕೆಡವಲಾಗದು. ನಾವು ಅದರ ಪಕ್ಷ ವಹಿಸುವುದಕ್ಕೆ ಇದೇ ದೊಡ್ಡ ಕಾರಣ.

ಇದು ಕಳ್ಳತನವಲ್ಲವೆ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಹಣ ಕೊಡದೆ ಆಟದ ಪ್ರತಿ ಮಾಡಿಕೊಳ್ಳುವುದು ಕಳ್ಳತನ, ಅದು ವಿಂಡೋಸಿನಲ್ಲಿ ನಡೆದರೂ ಕಳ್ಳತನವೇ. ಕೊಂಡುದನ್ನು ಬೇರೆ ವ್ಯವಸ್ಥೆಯಲ್ಲಿ ಓಡಿಸುವುದು ಬೇರೆ. ಸೋನಿ ಪ್ಲೇಸ್ಟೇಷನ್ನಿನ ಆಟಗಳನ್ನು ಆಪಲ್ ಗಣಕದಲ್ಲಿ ಓಡಿಸುವ ತಂತ್ರಾಂಶವನ್ನು ಕನೆಕ್ಟಿಕ್ಸ್ ಎಂಬ ಸಂಸ್ಥೆ ಮಾಡಿದಾಗ ಸೋನಿ ದಾವೆ ಹೂಡಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2000ದಲ್ಲಿ ಕನೆಕ್ಟಿಕ್ಸಿನ ಪರವಾಗಿ ತೀರ್ಪಿತ್ತಿತು. 2021ರ ಏಪ್ರಿಲಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಜಾವಾ ಭಾಷೆಯ ಸೇವೆಗಳನ್ನು ಹೆಸರಿಸುವ ಸುಮಾರು 11,500 ಸಾಲುಗಳನ್ನು ಗೂಗಲ್ ಬಳಸಿಕೊಂಡುದು ನ್ಯಾಯವಾದ ಬಳಕೆಯೆಂದು ಆರು ಮಂದಿ ನ್ಯಾಯಾಧೀಶರ ಬಹುಮತದಿಂದ ಸಾರಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮದೇ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು, ತಂತ್ರಾಂಶವನ್ನು ನ್ಯಾಯವಾಗಿ ಪಡೆದವನು, ಸ್ವತಂತ್ರವಾಗಿ ರಚಿಸಿದ ಇನ್ನೊಂದು ತಂತ್ರಾಂಶದೊಡನೆ ಅದನ್ನು ಹೊಂದಿಸಲು ಅಗತ್ಯವಾದ, ಬೇರೆಡೆ ಸುಲಭವಾಗಿ ದೊರೆಯದ ಮಾಹಿತಿಯನ್ನು ಪಡೆಯುವುದಕ್ಕೆ ಅವಕಾಶ ಕೊಟ್ಟಿದೆ. ಈ ಅವಕಾಶ ಕಾಯಿದೆಯಲ್ಲಿದೆಯೆಂಬುದೇ ನಮ್ಮ ಗಣಕ ವಿಜ್ಞಾನದ ತರಗತಿಗಳಲ್ಲಿ ಹೇಳಲ್ಪಡುವುದು ಅಪರೂಪ.

ನಮ್ಮ ಅಭಿಪ್ರಾಯಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಗೌರವಕ್ಕೆ ಅರ್ಹವಾದುದು ಸ್ವತಂತ್ರ ತಂತ್ರಾಂಶದ ಪಕ್ಷದವರದು. ಮೂಲ ಬರಹವನ್ನು ಮುಚ್ಚಿಟ್ಟ ಆಟಗಳನ್ನು ತೆರೆದ ವ್ಯವಸ್ಥೆಗೆ ಕರೆತರುವುದು, ಬೇಲಿ ದಾಟಿ ಬಂದವನು ಹಳೆಯ ಸಂಕೋಲೆಯನ್ನೂ ಹೊತ್ತು ತಂದಂತೆ ಎಂದು ಅವರು ಹೇಳುತ್ತಾರೆ. ಆ ಚಳವಳಿಯ ಪ್ರವರ್ತಕರಾದ ರಿಚರ್ಡ್ ಸ್ಟಾಲ್‌ಮನ್ ಅವರೂ ಇಂಥ ಆಟಗಳನ್ನು ಒಪ್ಪಿದವರಲ್ಲ. ಮಾತಿನಲ್ಲಿ ಸತ್ಯಾಂಶವಿದೆ. ಅನುವಾದ ಸಲೀಸಾದಷ್ಟೂ, ಲಿನಕ್ಸಿಗೆಂದೇ ಆಟ ರಚಿಸುವ ಶ್ರಮವನ್ನು ತಯಾರಕರು ತೆಗೆದುಕೊಳ್ಳಲಾರರೆಂಬುದೂ ನಿಜ. ಆದರೆ ಕೆಲಗೇರಿಯ ಕೊಠಡಿಯಲ್ಲಿರುವ ಹುಡುಗನ ಮುಂದೆ ಇರುವ ಆಯ್ಕೆ ಶುದ್ಧ ಮತ್ತು ಅಶುದ್ಧಗಳ ನಡುವಣದಲ್ಲ. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಮತ್ತು ಗುಜರಿಗೆ ಹಾಕಿ ಸಾಲ ಮಾಡುವುದು, ಇವುಗಳ ನಡುವಣದು. ಸಂಕೋಲೆಯ ಒಂದು ಕೊಂಡಿ ಕಡಿಮೆಯಾದರೂ ನಾವು ಅದನ್ನು ಲಾಭವೆಂದೇ ಎಣಿಸುತ್ತೇವೆ.

ಎಲ್ಲ ಆಟಗಳೂ ಹೀಗೆ ದಾಟಿ ಬರುತ್ತವೆಂದು ನಂಬಿಸುವುದು ನಮ್ಮ ಉದ್ದೇಶವಲ್ಲ. ಹಲವರು ಕೂಡಿ ಜಾಲದಲ್ಲಿ ಆಡುವ ಆಟಗಳಲ್ಲಿ ಮೋಸವನ್ನು ಹಿಡಿಯಲು ಕಾವಲಿನ ತಂತ್ರಾಂಶಗಳಿರುತ್ತವೆ. ಅವುಗಳಲ್ಲಿ ಕೆಲವು ವ್ಯವಸ್ಥೆಯ ತಿರುಳಿನಲ್ಲಿಯೇ, ಕರ್ನಲ್ ಎಂಬ ಭಾಗದಲ್ಲಿಯೇ, ಕುಳಿತು ನೋಡುತ್ತವೆ. 'ವ್ಯಾಲರಂಟ್' ಆಟದ ಕಾವಲು ಇಂಥದು. ಲಿನಕ್ಸಿನಲ್ಲಿ ಅದು ಓಡುವುದಿಲ್ಲ. 'ಏಪೆಕ್ಸ್ ಲೆಜೆಂಡ್ಸ್' ಎಂಬ ಆಟ ಕೆಲವು ಕಾಲ ಲಿನಕ್ಸಿನಲ್ಲಿ ಓಡುತ್ತಿದ್ದು, ಮೋಸಗಾರರು ಆ ದಾರಿಯಿಂದ ಬರುತ್ತಿದ್ದಾರೆಂಬ ಕಾರಣ ಹೇಳಿ ತಯಾರಕರು 2024ರ ಅಕ್ಟೋಬರ್ 31ರಂದು ಬಾಗಿಲು ಹಾಕಿದರು. ಮೋಸವನ್ನು ತಡೆಯಬೇಕೆಂಬುದು ಸರಿ. ಆದರೆ ಆಡಲು ಬಂದ ಅತಿಥಿ ತಿಜೋರಿಯ ಬೀಗದ ಕೈಯನ್ನು ಕೇಳುವುದು ಸರಿಯೆ? ತಿರುಳಿನಲ್ಲಿ ಕುಳಿತ ಪರಕೀಯ ತಂತ್ರಾಂಶ ಎಡವಿದರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ಲೋಕವೆಲ್ಲ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಪತ್ರಗಳನ್ನು ಕೈಯಿಂದ ಬರೆದುಕೊಟ್ಟರು. ಅಂಥ ಅಧಿಕಾರವನ್ನು ಆಟವೊಂದಕ್ಕೆ ಕೊಡಬಾರದೆಂದು ನಮಗೆ ತೋರುತ್ತದೆ. ಅಂಥ ಆಟಗಳೇ ಬೇಕೆನ್ನುವವರು ಲಿನಕ್ಸಿಗೆ ಬಂದು ನಿರಾಶರಾಗುವುದಕ್ಕಿಂತ ಮೊದಲೇ ತಿಳಿದಿರುವುದು ಒಳ್ಳೆಯದು. ವೈನ್ ವಿಂಡೋಸಿನ ಆಟಗಳನ್ನು ಓಡಿಸುವಂತೆ ವಿಂಡೋಸಿನ ವೈರಸ್ಸುಗಳನ್ನೂ ಓಡಿಸಬಲ್ಲದು. ಗೊತ್ತಿಲ್ಲದ ಮೂಲದಿಂದ ಬಂದ ಕಡತವನ್ನು ಲಿನಕ್ಸಿನಲ್ಲಿಯೂ ತೆರೆಯತಕ್ಕದ್ದಲ್ಲ.

ಇನ್ನು ಕನ್ನಡದ ಮಾತಿಗೆ ಬರೋಣ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದಾದ ಕೆಲವು ವರ್ಷಗಳಿಗೆ ಬಂದು ಸರಕಾರಿ ಕಚೇರಿಗಳಲ್ಲೆಲ್ಲ ಹರಡಿತು. ಎರಡೂ ವಿಂಡೋಸಿಗಾಗಿ ಹುಟ್ಟಿದವು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದ್ದರೂ ಆ ಕಾಲದ ಯಂತ್ರಗಳಲ್ಲಿ ಅದು ಬಳಕೆಗೆ ಬಂದಿರಲಿಲ್ಲ. ಆದುದರಿಂದ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿ ಕನ್ನಡವನ್ನು ಮೂಡಿಸಿದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ಅಂದು ಬೆರಳಚ್ಚಾದ ಪ್ರಬಂಧಗಳು, ಸಂಘ ಸಂಸ್ಥೆಗಳ ನಡಾವಳಿಗಳು, ಎಷ್ಟೋ ಪುಸ್ತಕಗಳ ಮೂಲಪ್ರತಿಗಳು ಆ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬಂದಿವೆ; ಆದರೆ ಹಳೆಯ ಸಂಪಾದಕ ತಂತ್ರಾಂಶದ ತನ್ನದೇ ಮಾದರಿಯ ಕಡತಗಳನ್ನು ತೆರೆಯಲು ಎಷ್ಟೋ ಸಲ ಆ ತಂತ್ರಾಂಶವೇ ಬೇಕಾಗುತ್ತದೆ. ಅದು ಓಡುವ ವಿಂಡೋಸ್ ಒಂದು ದಿನ ಇಲ್ಲವಾದರೆ? ಆಗ ಆ ತರುಣರು ಆಟಕ್ಕಾಗಿ ಕಲಿತ ವಿದ್ಯೆಯೇ ಕೆಲಸಕ್ಕೆ ಬರುತ್ತದೆ. ವೈನಿಗೆ ಆಟವೂ ಒಂದೇ, ನುಡಿಯೂ ಒಂದೇ. ಇತರ ತಂತ್ರಾಂಶಗಳಲ್ಲಿ ಕನ್ನಡ ಬೆರಳಚ್ಚಿಸಲು ಕೀಲಿಮಣೆಯನ್ನು ಹಿಡಿದುಕೊಳ್ಳುವ ಭಾಗ ಈ ಪದರವನ್ನು ದಾಟುವುದು ಕಷ್ಟ. ಹೊಸದಾಗಿ ಬರೆಯಲು ಲಿನಕ್ಸಿನಲ್ಲಿಯೇ ಯೂನಿಕೋಡ್ ಕೀಲಿಮಣೆಗಳಿರುವುದರಿಂದ ಅದರಿಂದೇನೂ ನಷ್ಟವಿಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ದಾರಿಯಲ್ಲಿ ನಮಗಿಂತ ಮುಂದಿದ್ದಾರೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2000ರ ದಶಕದಿಂದ ಸ್ವತಂತ್ರ ತಂತ್ರಾಂಶವೇ ಪಾಠದ ಆಧಾರ. ಕೈಟ್ ಗ್ನೂ/ಲಿನಕ್ಸ್ ಎಂಬ, ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ ಅಲ್ಲಿನ ಮಕ್ಕಳು ಜಿಕಾಂಪ್ರಿ, ಟಕ್ಸ್ ಪೇಂಟ್ ಮುಂತಾದ ಆಟಗಳಿಂದಲೇ ಗಣಕವನ್ನು ಕಲಿಯಲು ತೊಡಗುತ್ತಾರೆ. ಗಣಕವೆಂದರೆ ವಿಂಡೋಸ್ ಎಂಬ ಭ್ರಮೆ ಅವರಿಗಿಲ್ಲ. ವ್ಯವಸ್ಥೆಗಳು ಹಲವು, ಒಂದರ ವಸ್ತುವನ್ನು ಇನ್ನೊಂದಕ್ಕೆ ಹೊಂದಿಸಿಕೊಳ್ಳಬೇಕಾದೀತು ಎಂಬುದು ಅವರಿಗೆ ಸಹಜವಾದ ಅರಿವು. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು, ಸಂತೋಷ. ಆದರೆ ಅಲ್ಲಿಗೆ ಹೋಗುವವರು ಕೆಲವರು. ಉಳಿದವರು ನೆಚ್ಚಿಕೊಳ್ಳಬೇಕಾದುದು ನಮ್ಮ ಪದವಿಪೂರ್ವ ಕಾಲೇಜುಗಳ ಪ್ರಯೋಗಶಾಲೆಗಳನ್ನೇ.

ಆ ಪ್ರಯೋಗಶಾಲೆಗಳಲ್ಲಿ ಈ ವರ್ಷ ಒಂದು ಪ್ರಯೋಗವನ್ನು ಸೇರಿಸಬಹುದೆಂದು ನಾವು ಅಧ್ಯಾಪಕರಲ್ಲಿ ಸೂಚಿಸುತ್ತೇವೆ. ಮೂಲೆಗೆ ಹಾಕಿದ ಒಂದು ಹಳೆಯ ಯಂತ್ರಕ್ಕೆ ಲಿನಕ್ಸನ್ನೂ ವೈನನ್ನೂ ತುಂಬಿ, ತಯಾರಕರೇ ಉಚಿತವಾಗಿ ಬಿಟ್ಟಿರುವ ವಿಂಡೋಸಿನ ಸಣ್ಣ ಆಟವೊಂದನ್ನು ಓಡಿಸಬೇಕು. ಆಟ ಮಾಡುವ ಪ್ರತಿಯೊಂದು ಬೇಡಿಕೆಯನ್ನೂ ಸಾಲಾಗಿ ಬರೆದಿಡುವ ಸೌಕರ್ಯ ವೈನಿನಲ್ಲಿದೆ. ಅದನ್ನು ಹಚ್ಚಿ, ಆಟ ಹೊರಟ ಮೊದಲ ಕೆಲವು ಸೆಕೆಂಡುಗಳ ಪಟ್ಟಿಯಲ್ಲಿ ಕಡತ ತೆರೆಯುವ ಬೇಡಿಕೆಗಳು ಎಷ್ಟು, ಅವುಗಳಲ್ಲಿ ವಿಫಲವಾದವು ಎಷ್ಟು ಎಂದು ಎಣಿಸಬೇಕು. ಆಟ ಓಡದಿದ್ದರೆ ಇನ್ನೂ ಒಳ್ಳೆಯದು, ಎಲ್ಲಿ ನಿಂತಿತೆಂದು ಹುಡುಕಲು ಕೆಲಸ ಸಿಕ್ಕಿತು. ಯಾವ ಆಟ ಎಷ್ಟರ ಮಟ್ಟಿಗೆ ಓಡುತ್ತದೆಂಬುದನ್ನು ಆಡಿದವರೇ ಬರೆದಿಡುವ ದಾಖಲೆಗಳು ವೈನಿಗೂ ಪ್ರೋಟಾನಿಗೂ ಬೇರೆ ಬೇರೆಯಾಗಿ ಉಂಟು. ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ಅಲ್ಲಿ ದರ್ಜೆ ಕೊಡುತ್ತಾರೆ. ವಿದ್ಯಾರ್ಥಿಗಳು ತಮ್ಮ ಫಲಿತಾಂಶವನ್ನು ಅಲ್ಲಿ ಸೇರಿಸಬಹುದು. ಸೇರಿಸುವಾಗ ವೈನಿನ ಆವೃತ್ತಿ, ಲಿನಕ್ಸಿನ ಆವೃತ್ತಿ, ಗ್ರಾಫಿಕ್ಸ್ ಕಾರ್ಡಿನ ಹೆಸರು ಈ ಮೂರನ್ನೂ ತಪ್ಪದೆ ನಮೂದಿಸಬೇಕು. ಇವಿಲ್ಲದ ವರದಿಯಿಂದ ಓದುವವನಿಗೆ ಏನೂ ತಿಳಿಯುವುದಿಲ್ಲ.